ಸೊಸೆಯ ಬದಲು ಉತ್ತರ ಕೊಟ್ಟವಳು

ಮಾನ್ಯ ಜಿಲ್ಲಾ ಆರೋಗ್ಯ ಮುಖ್ಯಸ್ಥರೇ,

ನಿಮ್ಮ ಕಚೇರಿಯ ದಾಖಲೆಯಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ‘ಕುಟುಂಬದ ಸ್ಥಿತಿ ತೃಪ್ತಿಕರ’ ಎಂದು ಬರೆದಿದೆಯಂತೆ. ಆ ತೃಪ್ತಿಕರ ಕುಟುಂಬದ ಸೊಸೆ, ಇಪ್ಪತ್ತಮೂರು ವರ್ಷದ ಜಿಪಾರ್, ಮಣ್ಣಿಗೆ ಹೋಗಿ ಇಂದಿಗೆ ಮೂವತ್ತನಾಲ್ಕು ದಿನ. ಹೆತ್ತ ಏಳನೆಯ ದಿನ ಹೋದಳು. ಫೋನಿನಲ್ಲಿ ಹದಿಮೂರು ಪ್ರಶ್ನೆ ಕೇಳಿ ಒಂದು ಮನೆಯ ಆರೋಗ್ಯ ಅಳೆಯಬಹುದೆಂದು ತಮಗೆ ಯಾರು ಹೇಳಿಕೊಟ್ಟರು? ನಾನು ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಫೋನಿನಲ್ಲಿ ಕೇಳಿ ತಿಳಿಯುವ ವಿದ್ಯೆ ನನಗಂತೂ ಬರಲಿಲ್ಲ.

ಮೊದಲು ಕಿರ್ಗಿಜ್ ಗುಡ್ಡಗಳ ನಡುವಿನ ನಮ್ಮ ಹಳ್ಳಿಗೆ ನರ್ಸ್ ಕಲೀಪಾ ಬರುತ್ತಿದ್ದಳು. ಹತ್ತೊಂಬತ್ತು ವರ್ಷ ಮನೆಮನೆ ತಿರುಗಿದ ಹೆಂಗಸು. ಒಳಗೆ ಬಂದವಳು ಚೀಲದಿಂದ ಏನನ್ನೂ ತೆಗೆಯದೆ ಮೊದಲು ಸುಮ್ಮನೆ ಚಹಾ ಕುಡಿಯುತ್ತಿದ್ದಳು. ಯಾರು ಒಲೆಯ ಹತ್ತಿರ ಕೂತಿದ್ದಾರೆ, ಯಾರು ಬಾಗಿಲ ಬಳಿ, ಯಾರ ಬಟ್ಟಲಿಗೆ ಕೊನೆಯಲ್ಲಿ ಬಡಿಸುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಎಲ್ಲವನ್ನೂ ನೋಡುತ್ತಿದ್ದಳು. ಆಮೇಲೆ, “ಕಾಲುಚೀಲ ತೆಗಿ ಮಗಳೇ” ಎಂದು ಜಿಪಾರಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ಊತದ ಗುಳಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ, ಅಕ್ಕನನ್ನು ಕರೆಯುವ ಸಲಿಗೆಯಲ್ಲಿ, “ಸೈರಾ ಎಜೆ, ನಿಮ್ಮ ಹಸು ಕೂಗ್ತಾ ಇದೆ, ಹೋಗಿ ನೋಡ್ಕೊಂಡು ಬನ್ನಿ” ಎನ್ನುತ್ತಿದ್ದಳು.

“ನನ್ನ ಹಸು ಗುಡ್ಡದ ಮೇಲಿದೆ ಕಣೇ. ಇಲ್ಲಿಗೆ ಹೇಗೆ ಕೇಳ್ಸುತ್ತೆ?” ಎಂದೆ ಒಮ್ಮೆ.

“ಹಾಗಾದ್ರೆ ಗುಡ್ಡದ ತನಕ ಹೋಗ್ಬನ್ನಿ ಎಜೆ. ಕಾಲಿಗೂ ಒಳ್ಳೇದು.”

ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅಂಗಳದಲ್ಲಿ ನಿಂತರೆ ಒಳಗೆ ಜಿಪಾರ್ ನಗುವುದು ಕೇಳುತ್ತಿತ್ತು. ಒಂದು ದಿನ ಅಳುವುದೂ ಕೇಳಿಸಿತು. ನನ್ನ ಮನೆಯಲ್ಲಿ ನನಗೇ ಗೊತ್ತಾಗಬಾರದ ಮಾತು ಏನಿರುತ್ತದೆ? ನನ್ನ ಮೇಲೆ ಚಾಡಿಯೇ ಇರಬೇಕು ಎಂದು ಹೊಟ್ಟೆ ಉರಿಯಿತು.

ತಮ್ಮ ಕಚೇರಿಗೆ ಒಂದು ದೂರು ಬಂದಿದ್ದು ತಮಗೆ ನೆನಪಿರಬಹುದು: ‘ಸದರಿ ನರ್ಸ್ ಒಂದೊಂದು ಮನೆಯಲ್ಲಿ ಒಂದು ಗಂಟೆಗೂ ಮೀರಿ ಕೂರುತ್ತಾಳೆ, ಚಹಾ ಕುಡಿಯುತ್ತಾಳೆ, ಅತ್ತೆ ಸೊಸೆಯರ ನಡುವೆ ಬಿರುಕು ಹುಟ್ಟಿಸುತ್ತಾಳೆ.’ ಬರೆದವಳು ನಾನೇ. ಹನ್ನೊಂದೇ ದಿನಕ್ಕೆ ಮೊಹರು ಒತ್ತಿದ ಉತ್ತರ ಬಂತು. ನಮ್ಮ ಶಾಲೆಯ ಚಾವಣಿ ಸೋರುತ್ತದೆಂದು ಆರು ವರ್ಷ ಅರ್ಜಿ ಬರೆದವಳು ನಾನು. ಸರ್ಕಾರಕ್ಕೆ ಇಷ್ಟು ವೇಗ ಇದೆಯೆಂದು ಅಂದೇ ತಿಳಿದದ್ದು. ಕಲೀಪಾಳನ್ನು ಜಿಲ್ಲಾ ಕೇಂದ್ರದ ಕಡತದ ಕೋಣೆಗೆ ಕಳಿಸಿದಿರಿ. ಅವಳ ಜಾಗಕ್ಕೆ ಫೋನು ಬಂತು. ಒಂದು ಹೆಂಗಸಿನ ಹೊಟ್ಟೆಕಿಚ್ಚಿನ ಕಾಗದ ನಂಬುವ ಮುನ್ನ ಯಾರನ್ನಾದರೂ ಕಳಿಸಿ ವಿಚಾರಿಸಬೇಕೆಂದು ತಮಗೆ ಅನ್ನಿಸಲಿಲ್ಲವೇ? ಅಥವಾ, ಸಂಬಳ ಪಡೆಯುವ ಒಂದು ಜೀವವನ್ನು ಹಳ್ಳಿಯಿಂದ ಕೀಳಲು ತಮಗೂ ಒಂದು ನೆಪ ಬೇಕಿತ್ತೇ?

ಜಿಪಾರ್ ಆಸ್ಪತ್ರೆಯಲ್ಲಿ ಹೆತ್ತು, ಮೂರನೆಯ ದಿನ ಹೆಣ್ಣುಮಗುವಿನೊಂದಿಗೆ ಮನೆಗೆ ಬಂದಳು. ಐದನೆಯ ದಿನ ಅವಳ ಕಾಲು ಗಲೋಶಿನ ರಬ್ಬರ್ ಮೆಟ್ಟಿನೊಳಗೆ ಹೋಗದೆ ಗಂಡನ ಬೂಟು ಹಾಕಿಕೊಂಡು ಅಂಗಳಕ್ಕೆ ಬಂದಳು. “ತಾಯಿ ಆದ್ಮೇಲೆ ಪಾದಾನೂ ಬೆಳೀತಾ ಇದೆಯಲ್ಲೇ!” ಎಂದು ನಾನು ನಕ್ಕೆ. ಅವಳೂ ನಕ್ಕಳು.

ಆರನೆಯ ದಿನ ಫೋನು ಬಂತು. ಎತ್ತಿದವಳು ನಾನು. ಎಳೆಯ ದನಿಯ ಹುಡುಗಿ ಓದುತ್ತಾ ಹೋದಳು.

“ಬಾಣಂತಿಗೆ ತಲೆನೋವು ಇದೆಯಾ?”

ಜಿಪಾರ್ ಒಲೆಯ ಬಳಿ ಹಣೆ ಒತ್ತಿ ಹಿಡಿದು ನಿಂತಿದ್ದಳು. ನನ್ನನ್ನೇ ನೋಡಿದಳು. ನಾನು ಐದು ಹೆತ್ತವಳು, ಒಂದನ್ನು ಹುಲ್ಲುಗಾವಲಿನಲ್ಲೇ. ತಲೆನೋವಿಲ್ಲದ ಬಾಣಂತಿ ಯಾರಿದ್ದಾರೆ?

“ಇಲ್ಲಮ್ಮಾ.”

“ಕಣ್ಣು ಮಂಜಾಗೋದು? ಕಾಲು ಊತ?”

“ಏನೂ ಇಲ್ಲ. ಚೆನ್ನಾಗಿದ್ದಾಳೆ. ಕುರಿ ಸಾರು ಕುಡೀತಾಳೆ, ಹಾಲೂ ಬರ್ತಿದೆ.”

ಕಿರ್ಗಿಜ್ ಮನೆಯ ಸೊಸೆ ಅತ್ತೆ ಫೋನಿನಲ್ಲಿದ್ದಾಗ ನಡುವೆ ಬಾಯಿ ಹಾಕುವುದಿಲ್ಲ. ಕೈಯನ್ನು ಹಣೆಯಿಂದ ತೆಗೆದು ಹಿಟ್ಟು ನಾದತೊಡಗಿದಳು. ಉತ್ತರ ಹೇಳುತ್ತಿರುವವರು ಯಾರು ಎಂಬ ಪ್ರಶ್ನೆ ತಮ್ಮ ಹದಿಮೂರರಲ್ಲಿ ಇಲ್ಲ.

ಮರುದಿನ ಬೆಳಿಗ್ಗೆ, ಮಗು ಬೀಳದಂತೆ ತೊಟ್ಟಿಲಿಗೆ ಪಟ್ಟಿ ಕಟ್ಟುತ್ತಿದ್ದಾಗ ಅವಳಿಗೆ ಫಿಟ್ಸ್ ಬಂತು. ಅವಳ ಗಂಡ, ನನ್ನ ಮಗ ಮಿರ್ಲಾನ್, ಹಾಲಿನ ಲಾರಿಯಲ್ಲೇ ಹಾಕಿಕೊಂಡು ಹೊರಟ. ನಾನು ಅವಳ ತಲೆಯನ್ನು ಮಡಿಲಲ್ಲಿ ಹಿಡಿದಿದ್ದೆ. ಕಣಿವೆಯ ಘಟ್ಟ ದಾಟುವ ಮೊದಲೇ ಉಸಿರು ನಿಂತಿತು. ಮಗನಿಗೆ ಹೇಳುವ ಧೈರ್ಯ ಬರಲಿಲ್ಲ. ಆಸ್ಪತ್ರೆಯ ಬಾಗಿಲ ತನಕ “ಇನ್ನೂ ಜೋರಾಗಿ ಓಡ್ಸು, ಮಗಾ” ಎನ್ನುತ್ತಲೇ ಇದ್ದೆ.

ಶೋಕದ ಮೂರನೆಯ ದಿನ ಕಲೀಪಾ ಬಂದಳು. ರಜೆ ಹಾಕಿ, ಯಾರದೋ ಗಾಡಿ ಹತ್ತಿ. ನನ್ನನ್ನು ಬಯ್ಯುತ್ತಾಳೆಂದು ಕಾದೆ. ಅವಳು ಮಗುವಿನ ಬಟ್ಟೆ ಬಿಚ್ಚಿ ಹೊಕ್ಕುಳು ನೋಡಿದಳು, ತೂಕ ನೋಡಿದಳು, ಪುಡಿಹಾಲು ಕಲಸುವ ಅಳತೆಯನ್ನು ನನ್ನ ಕೈಯಲ್ಲೇ ಮೂರು ಸಲ ಮಾಡಿಸಿದಳು.

“ಅವತ್ತು ಬಾಗಿಲು ಹಾಕ್ಕೊಂಡು ನನ್ ಮೇಲೆ ಏನ್ ಹೇಳಿದ್ಳು?” ಎಂದು ಕೇಳಿಯೇಬಿಟ್ಟೆ.

ಕಲೀಪಾ ಮಗುವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. “ನಿಮ್ ಮೇಲೆ ಏನೂ ಇಲ್ಲ ಎಜೆ. ಅವಳನ್ನ ಹೆತ್ತಾಗ ಅವಳಮ್ಮನಿಗೂ ಫಿಟ್ಸ್ ಬಂದಿತ್ತಂತೆ, ಅದನ್ನ ಹೇಳಿ ಅತ್ಲು. ‘ಅಪಾಗೆ ಹೇಳ್ಬೇಡಿ, ತನ್ನ ಬಟ್ಟಲಿನ ಮಾಂಸಾನೂ ನಂಗೇ ಹಾಕ್ತಾರೆ, ಕೇಳಿದ್ರೆ ಊಟಾನೇ ಬಿಡ್ತಾರೆ’ ಅಂದ್ಲು.”

ಅಪಾ ಎಂದರೆ ನಾನು. ಹೆತ್ತ ತಾಯಿಯನ್ನು ಕರೆದಂತೆಯೇ ನನ್ನನ್ನು ಕರೆಯುತ್ತಿದ್ದಳು.

ಕಲೀಪಾ ಅದನ್ನು ತನ್ನ ಪುಸ್ತಕದಲ್ಲಿ ಬರೆದಿದ್ದಳು: ಹೆರಿಗೆಯ ನಂತರ ಎರಡು ವಾರ, ದಿನ ಬಿಟ್ಟು ದಿನ ಮನೆಗೆ ಹೋಗಿ ಬಿಪಿ ನೋಡಬೇಕು. ವರ್ಗವಾದಾಗ ನಿಯಮದಂತೆ ಆ ಪುಸ್ತಕವನ್ನು ತಮ್ಮ ಕಚೇರಿಗೆ ಒಪ್ಪಿಸಿದಳು. ಯಾರಾದರೂ ತೆರೆದರೇ? ಕೇಳುವ ಅರ್ಹತೆ ನನಗಿಲ್ಲ, ಗೊತ್ತು. ನನ್ನ ಪಾಲಿನ ತಪ್ಪಿಗೆ ನಾನು ದೇವರ ಮುಂದೆ ನಿಲ್ಲುತ್ತೇನೆ. ತಮ್ಮ ಪಾಲಿನದಕ್ಕೆ ತಾವು ಯಾರ ಮುಂದೆ ನಿಲ್ಲುತ್ತೀರಿ?

ಆ ದೂರನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಕಲೀಪಾಳನ್ನೂ ಅವಳ ಪುಸ್ತಕವನ್ನೂ ಹಿಮ ಬಿದ್ದು ಘಟ್ಟ ಮುಚ್ಚುವ ಮೊದಲು ನಮ್ಮ ಹಳ್ಳಿಗೆ ಕಳಿಸಿ. ಈ ಚಳಿಗಾಲದಲ್ಲಿ ನಮ್ಮ ಬೀದಿಯಲ್ಲೇ ನಾಲ್ವರು ಹೆರಬೇಕಿದೆ. ಆ ನಾಲ್ವರ ಅತ್ತೆಯರಿಗೂ ಹೋಗಿ ನಡೆದದ್ದೆಲ್ಲ ಹೇಳಿ ಬಂದಿದ್ದೇನೆ. ನರ್ಸ್ ಒಳಗೆ ಕೂತಷ್ಟು ಹೊತ್ತು ಅವರ ಜೊತೆ ಅಂಗಳದಲ್ಲಿ ನಾನೂ ನಿಂತಿರುತ್ತೇನೆ.

ಇಂತಿ,
ತಮ್ಮ ಇಲಾಖೆ ಒಮ್ಮೆ ತಪ್ಪಾಗಿ ನಂಬಿದ,
ಈಗಲಾದರೂ ನಂಬಬೇಕಾದ,
ಸೈರಕಾನ್