ಹಲಗೆಗಳು ನಮ್ಮ ಅಂಗಳದಲ್ಲಿವೆ

ಬೈಕಂಪಾಡಿ, ಮೇ 28

ಇಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ನಮ್ಮ ತೋಡಿನ ಹಳೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಹಲಗೆಗಳನ್ನು ಕದ್ದವರು ಯಾರೆಂದು ನೋಟಿಸ್‌ನಲ್ಲಿ ಕೇಳಿದ್ದೀರಿ. ಕದ್ದದ್ದಲ್ಲ. ಮಳೆ ಶುರುವಾಯಿತೆಂದು ಸೋಮವಾರ ಹಾಡಹಗಲೇ ನಾನು, ತೋಡಿನ ಕೆಳಗಿನ ಮನೆಗಳ ಹೆಂಗಸರನ್ನು ಸೇರಿಸಿಕೊಂಡು ತೆಗೆದೆ. ಅಣೆಕಟ್ಟಿನ ಕಂಬದ ಬಿರುಕಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ. ಕಟ್ಟೆ ಒಡೆದರೆ ನೀರು ಬರುವುದು ನಮ್ಮ ಅಡುಗೆಮನೆಗೆ. ಇದನ್ನು ಹೇಳಿದಾಗ ನೀವು, "ಎಂತ ಸಹ ಆಗುದಿಲ್ಲ ಮಾರಾಯ್ತಿ, ಗಟ್ಟಿ ಉಂಟು" ಎಂದಿರಿ. ಪರಿಶೀಲನೆಯ ದಿನ ಕಟ್ಟೆಗೆ ಕಾಲಿಡದೆ ಆಚೆ ದಡದಿಂದಲೇ ಫೋಟೋ ತೆಗೆದು ಹೋದದ್ದನ್ನೂ ನಾನು ನೋಡಿದ್ದೇನೆ.

ಹಲಗೆಗಳು ನಮ್ಮ ಅಂಗಳದಲ್ಲಿವೆ. ಬೇಕಾದರೆ ಬಂದು ಒಯ್ಯಿರಿ. ಆದರೆ ರಸ್ತೆಯಲ್ಲಿ ಸುತ್ತಿಕೊಂಡು ಬರಬೇಡಿ. ಗಟ್ಟಿ ಉಂಟಲ್ಲ, ಅಣೆಕಟ್ಟಿನ ಮೇಲೆಯೇ ನಡೆದು ಬನ್ನಿ.

ಇತಿ,
ಕುಶಲಾ
ಕಟ್ಟೆಯ ಕೆಳಗಿನ ಮೊದಲ ಮನೆ