ದನಿ ಎತ್ತದ ಮನೆ

ಫೆಬ್ರವರಿ 4, ಬೆಳಿಗ್ಗೆ

ಮಗಳ ಎಡಗೈ ವ್ಯಾಯಾಮ ಮುಗಿಯಿತು. ಮೊಣಕೈ ಹಿಡಿದು ಮೇಲಕ್ಕೆ, ಪಕ್ಕಕ್ಕೆ, ಮತ್ತೆ ಮೇಲಕ್ಕೆ. ಭುಜದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ನಾನೇ ಎತ್ತಬೇಕು. ಇಂದು ನನ್ನ ಹೊಟ್ಟೆ ಅಡ್ಡ ಬಂತು. "ಪಾಪು ನನ್ನನ್ನ ಒದೀತು" ಎಂದು ದೂರು. ಹುಟ್ಟುವ ಮೊದಲೇ ಜಗಳ ಶುರು.

ಐದು ವರ್ಷ ತುಂಬುತ್ತಾ ಬಂತು. ಇವರು ಅವಳನ್ನು ಚಿನಕುರಳಿ ಎನ್ನುತ್ತಾರೆ. ಬಾಯಿ ಅಂಥದ್ದು, ನನ್ನ ಕಡೆಯಿಂದಂತೂ ಬಂದದ್ದಲ್ಲ. ಅಂಗಿಯ ಗುಂಡಿ ಒಂದೇ ಕೈಯಲ್ಲಿ ಹಾಕಿಕೊಳ್ಳುತ್ತಾಳೆ. ಮೇಲಿನ ಗುಂಡಿಗೆ ಬಟ್ಟೆಯನ್ನು ಗಲ್ಲದಲ್ಲಿ ಒತ್ತಿ ಹಿಡಿಯುತ್ತಾಳೆ. ಆಗ ನಾನು ಬೇರೆಲ್ಲೋ ನೋಡುತ್ತೇನೆ.

ಇವತ್ತು ಸ್ಕ್ಯಾನಿಂಗ್. ಆಮೇಲೆ ಮಧ್ಯಾಹ್ನದ ಶಿಫ್ಟ್.

ಅದೇ ದಿನ, ರಾತ್ರಿ

ಮಗು ದೊಡ್ಡದು. ಇದೂ ದೊಡ್ಡದು. ಶುಗರ್ ಈ ಸಲವೂ ಇದೆ.

ಡಾಕ್ಟರಮ್ಮ ಹೊಸಬರು, ಹಿಂದಿನ ಆಸ್ಪತ್ರೆಯವರಲ್ಲ. "ಮೊದಲನೇ ಸಲ ತಲೆ ಬಂದ ಮೇಲೆ ಭುಜ ಸಿಕ್ಕಿಕೊಂಡಿತ್ತು. ಎಳೆದಾಗ ಕುತ್ತಿಗೆಯ ನರಕ್ಕೆ ಪೆಟ್ಟಾಯ್ತು. ಅಲ್ವಾ?" ಹೌದು ಎಂದೆ. "ನಿಮಗೂ ತುಂಬಾ ಹರಿದಿತ್ತು." ಹೌದು ಎಂದೆ. ಯಾರದೋ ವಿಷಯದಂತೆ ಹೌದು ಹೌದು ಎನ್ನುತ್ತಾ ಕೂತಿದ್ದೆ.

"ಮತ್ತೆ ಹಾಗೇ ಆಗುತ್ತೆ ಅಂತ ಹೇಳಕ್ಕಾಗಲ್ಲ. ಆಗಲ್ಲ ಅಂತಾನೂ ಹೇಳಕ್ಕಾಗಲ್ಲ. ಸಿಸೇರಿಯನ್ ಮಾಡಿದ್ರೆ ಮಗೂಗೆ ಆ ಭಯ ಹೆಚ್ಚುಕಡಿಮೆ ಇರಲ್ಲ. ಆದ್ರೆ ಅದೂ ದೊಡ್ಡ ಆಪರೇಷನ್ನೇ. ರಕ್ತ ಹೋಗಬಹುದು, ಸೋಂಕಾಗಬಹುದು. ಮಗಳನ್ನ ಸ್ವಲ್ಪ ಕಾಲ ಎತ್ತೋ ಹಾಗಿಲ್ಲ. ಯೋಚನೆ ಮಾಡಿ ಹೇಳಿ."

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಆಪರೇಷನ್" ಎಂದರು. "ಆದ್ರೆ ನಾನು ನೀವಲ್ಲ" ಎಂದೂ ಸೇರಿಸಿದರು. ಸರಿ ಎಂದು ಎದ್ದು ಬಂದೆ.

ಸ್ಟೇಷನ್ನಿನಲ್ಲಿ ಎಲ್ಲ ರೈಲೂ ತಡ. ಮೈಕಿನ ಗುಂಡಿ ಒತ್ತಿ ಅದನ್ನೇ ಹೇಳುತ್ತಾ ಕೂತೆ. ಪ್ರಯಾಣಿಕರಿಗೆ ಆಗಿರುವ ಅಡಚಣೆಗೆ ವಿಷಾದಿಸುತ್ತೇವೆ. ಕೆಲಸ ಕಲಿಸಿದ ಸೀನಿಯರ್ ಹೇಳುತ್ತಿದ್ದರು—ರೈಲು ಬರಲಿ, ಬಾರದಿರಲಿ, ಪ್ಲಾಟ್‌ಫಾರ್ಮಿನಿಂದ ಯಾರಾದರೂ ಕೆಳಗೆ ಬಿದ್ದಿರಲಿ, ದನಿ ಒಂದೇ ಇರಬೇಕು. ನಿನ್ನ ದನಿ ನಡುಗಿದರೆ ಜನ ಎದ್ದೆನೋ ಬಿದ್ದೆನೋ ಎಂದು ಓಡುತ್ತಾರೆ. ನನಗೆ ಅದನ್ನು ಕಲಿಸಲು ಅವರು ಹೆಚ್ಚು ಕಷ್ಟಪಡಲಿಲ್ಲ. ಮನೆಯಲ್ಲೇ ಕಲಿತು ಬಂದಿದ್ದೆ.

ಫೆಬ್ರವರಿ 7

ಇವರನ್ನು ಕೇಳಿದೆ. ಏನು ಮಾಡೋಣ?

"ನಿನ್ನ ಮೈ. ನೀನು ಹೇಗೆ ಹೇಳ್ತೀಯೋ ಹಾಗೆ."

ಕನ್ನಡಕದ ಅಂಗಡಿಯವರು. ದಿನವಿಡೀ ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತಾ "ಇದರಲ್ಲಿ ಸ್ಪಷ್ಟನಾ, ಇದರಲ್ಲಿ ಸ್ಪಷ್ಟನಾ" ಎಂದು ಕೇಳುವ ಕೆಲಸ. ಮನೆಗೆ ಬಂದರೂ ಅದೇ. ಇದಾ, ಅದಾ, ನೀನೇ ಹೇಳು. ಕೇಳಲು ಗೌರವದ ಮಾತು, ಒಳಗೆ ನೋಡಿದರೆ ಕೈ ತೊಳೆದುಕೊಳ್ಳುವುದು. ಸಿಟ್ಟು ಬಂತು. ಹೇಳಿದೆ ಕೂಡ: "ನಂಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿದೆ." ತಲೆಯೆತ್ತಿ ನೋಡಿ, "ಹೌದಾ?" ಎಂದು ನಕ್ಕರು. ತಮಾಷೆ ಅಂದುಕೊಂಡರು. ಅವರ ತಪ್ಪೇನಿದೆ, ನಾನು ಹೇಳಿದ್ದು ರೈಲು ಬರುವುದನ್ನು ಹೇಳಿದ ಹಾಗೆಯೇ ಇತ್ತು.

ಫೆಬ್ರವರಿ 9

ಅಮ್ಮ ಬಂದಳು. ಬಾಣಂತನ ಮುಗಿಯುವವರೆಗೆ ಇರುತ್ತಾಳೆ. ಚೀಲ ಕೆಳಗಿಡುವ ಮೊದಲೇ ತೀರ್ಪು: "ಎರಡನೇದು ಸಲೀಸು ಕಣೆ. ಕೊಯ್ಸಿಕೊಳ್ಳೋ ಹುಚ್ಚು ಯಾಕೆ ನಿಂಗೆ? ನಿಂಗೆ ತಡ್ಕೊಳ್ಳೋ ಶಕ್ತಿ ಇದೆ."

ತಡೆದುಕೊಳ್ಳುವ ಶಕ್ತಿ... ಚಿಕ್ಕಂದಿನಿಂದ ಕೇಳುತ್ತಾ ಬಂದ ಹೊಗಳಿಕೆ ಇದೊಂದೇ.

ಅಪ್ಪ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಹಗಲೆಲ್ಲ ಮಲಗುತ್ತಿದ್ದರು. ಎರಡು ಕೋಣೆಯ ಮನೆ, ನಡುವೆ ಪರದೆ. ಬೆಳಗಾದರೆ ಪಿಸುಮಾತು. ಪಾತ್ರೆಗಳನ್ನು ಬಟ್ಟೆಯ ಮೇಲೆ ಇಡಬೇಕು. ಅತ್ತರೂ ಸದ್ದಿಲ್ಲದೆ ಅಳಬೇಕು. ಒಮ್ಮೆ ಕಿಟಕಿಯ ಬಾಗಿಲಿಗೆ ನನ್ನ ಬೆರಳು ಸಿಕ್ಕಿ ಉಗುರು ಎದ್ದುಬಂತು. ಅಡುಗೆಮನೆಗೆ ನಡೆದುಹೋಗಿ ಮೆಲ್ಲಗೆ ಹೇಳಿದೆನಂತೆ: "ಅಮ್ಮಾ, ಬೆರಳಿಂದ ರಕ್ತ ಬರ್ತಿದೆ." ಅಮ್ಮ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಎಂಥ ಜಾಣೆ ನೋಡಿ, ಅಪ್ಪನಿಗೆ ಎಚ್ಚರವಾಗಲಿಲ್ಲ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಮನೆಯಲ್ಲಿ ಇನ್ನೂ ಯಾರೂ ದನಿ ಎತ್ತುವುದಿಲ್ಲ.

ಫೆಬ್ರವರಿ 12

ನಾರ್ಮಲ್ಲೇ ಆಗಲಿ ಎಂದು ಮನಸ್ಸು ವಾಲುತ್ತಿದೆ. ಅಮ್ಮ ಹೇಳಿದಳೆಂದಲ್ಲ. ಕಾರಣ ಬೇರೆ, ಬಾಯಿ ಬಿಟ್ಟು ಯಾರಿಗೂ ಹೇಳಲಾರೆ.

ಈ ಮಗುವನ್ನು ಆಪರೇಷನ್ ಮಾಡಿಸಿ ತೆಗೆಸಿದರೆ, ಇದರ ಎರಡು ಕೈಯೂ ಮೇಲೇಳುತ್ತವೆ. ಅಕ್ಕ ಇದರ ಪಕ್ಕದಲ್ಲೇ ಬೆಳೆಯುತ್ತಾಳೆ. ಒಂದು ದಿನ ಕೇಳುತ್ತಾಳೆ—ಇದಕ್ಕೆ ಮಾಡಿಸಿದ್ದನ್ನು ನನಗ್ಯಾಕೆ ಮಾಡಿಸಲಿಲ್ಲ? ಇಲ್ಲಿಯವರೆಗೆ ಅವಳ ಕೈ ಹಣೆಬರಹ. ನಾನು ಆಪರೇಷನ್ನಿಗೆ ಒಪ್ಪಿದ ದಿನದಿಂದ ಅದು ತಪ್ಪಿಸಬಹುದಾಗಿದ್ದ ವಿಷಯ.

ಹಾಗೆಂದು ಇನ್ನೊಂದು ಕೈಯನ್ನು ಪಣಕ್ಕಿಡುವುದೇ? ಬರೆದದ್ದನ್ನು ಓದಿದರೆ ನನಗೇ ಹೆದರಿಕೆಯಾಗುತ್ತದೆ.

ಫೆಬ್ರವರಿ 15

ಅಮ್ಮ ಮಗಳ ಹಳೆಯ ಬಟ್ಟೆಗಳನ್ನು ತೆಗೆದು ಮಡಿಚುತ್ತಿದ್ದಳು. ನಾನು ಗೋಡೆಗೆ ಒರಗಿ ಕೂತಿದ್ದೆ. ಮತ್ತೆ ಅದೇ ಮಾತು. ನಿಂಗೆ ಶಕ್ತಿ ಇದೆ, ಹೆದರ್ಬೇಡ. ಆಮೇಲೆ, ಮಡಿಚುತ್ತಲೇ:

"ಆವತ್ತೂ ಅಷ್ಟೆ. ಡಾಕ್ಟರು ಹೊರಗೆ ಬಂದು ಕೇಳಿದ್ರು, ತುಂಬಾ ಹೊತ್ತಾಯ್ತು, ಆಪರೇಷನ್ ಮಾಡ್ಬಿಡೋಣವಾ ಅಂತ. ನಾನೇ ಸ್ವಲ್ಪ ತಡೀರಿ ಅಂದೆ."

ಇನ್ನೊಂದು ಬಟ್ಟೆ ತೊಡೆಯ ಮೇಲೆ ಎಳೆದುಕೊಂಡಳು. ಅವಳೇ ಮುಂದುವರಿಸಿದಳು.

"ಬಾಗಿಲ ಹತ್ರ ನಿಂತಿದ್ನಲ್ಲ, ನೀನು ಸಿಸ್ಟರ್ ಹತ್ರ ಮಾತಾಡ್ತಿದ್ದಿದ್ದು ಕೇಳಿಸ್ತಿತ್ತು. ಎಷ್ಟು ನಿಧಾನವಾಗಿ, ಎಷ್ಟು ಧೈರ್ಯವಾಗಿ. ಪಕ್ಕದವಳು ಕಿರಿಚಿಕೊಳ್ತಿದ್ಲು, ಅಬ್ಬಾ. ನನ್ನ ಮಗಳಿಗೆ ಇನ್ನೂ ಶಕ್ತಿ ಇದೆ ಅಂದೆ ಡಾಕ್ಟರಿಗೆ."

"ಏನು ಮಾತಾಡ್ತಿದ್ದೆ ಅಂತ ಕೇಳಿಸ್ತಾ ಅಮ್ಮಾ?"

"ಮಾತು ಕೇಳಿಸ್ಲಿಲ್ಲ. ದನಿ ಕೇಳಿಸ್ತು."

ನನಗೆ ಆ ಮಾತು ಅಕ್ಷರ ಅಕ್ಷರವಾಗಿ ನೆನಪಿದೆ. ಸಿಸ್ಟರ್, ನನ್ನಿಂದ ಇನ್ನು ಆಗುವುದಿಲ್ಲ. ಆಪರೇಷನ್ ಮಾಡಿ. ದಯವಿಟ್ಟು ಡಾಕ್ಟರಿಗೆ ಹೇಳಿ. ಮತ್ತೆ ಮತ್ತೆ ಹೇಳಿದ್ದೆ. ಸಿಸ್ಟರ್ "ಆಯ್ತಮ್ಮ, ಆಯ್ತು" ಎನ್ನುತ್ತಾ ಕಿರಿಚುತ್ತಿದ್ದವಳ ಕಡೆ ಹೋಗಿದ್ದರು.

ಅಮ್ಮ ಪುಟ್ಟ ಅಂಗಿಯೊಂದನ್ನು ಎತ್ತಿ ಹಿಡಿದು, ಇದು ಇನ್ನೂ ಹೊಸದರ ಹಾಗೇ ಇದೆ ಎಂದಳು.

ಫೆಬ್ರವರಿ 26

ಬರೆಯಲು ಆಗಲಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಮಗಳ ಕೈ ಎತ್ತಿದೆ, ಇಳಿಸಿದೆ.

ನಿನ್ನೆ ಇವರನ್ನು ಕೇಳಿದೆ. ಡಾಕ್ಟರು ಹೊರಗೆ ಬಂದು ಕೇಳಿದಾಗ ನೀವೂ ಅಲ್ಲೇ ಇದ್ದಿರಲ್ಲ? ಇದ್ದರಂತೆ. ಏನು ಹೇಳಿದಿರಿ? ಏನೂ ಹೇಳಲಿಲ್ಲವಂತೆ. ಮಗಳ ವಿಷಯ ಹೆತ್ತ ತಾಯಿಗೆ ಗೊತ್ತಿರುತ್ತದೆ ಎಂದುಕೊಂಡರಂತೆ. ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತಿದ್ದರು. ಆಮೇಲೆ, "ಅಂಗಡೀಲಿ ಗಿರಾಕೀನ ಕೇಳದೆ ಒಂದು ಗಾಜೂ ಹಾಕಲ್ಲ ನಾನು. ಆವತ್ತು ಒಳಗೆ ಬಂದು ನಿನ್ನ ಕೇಳ್ಬೇಕಿತ್ತು" ಎಂದರು. ಅತ್ತರು. ನನಗೆ ಸಮಾಧಾನ ಮಾಡಬೇಕೆನಿಸಲಿಲ್ಲ.

ಇಂದು ಅಮ್ಮನಿಗೂ ಹೇಳಿಬಿಟ್ಟೆ. ಅವಳು ಬಾಗಿಲಲ್ಲಿ ಕೇಳಿಸಿಕೊಂಡದ್ದು ಯಾವ ಮಾತು ಎಂದು. ನಾನು ಹೇಳಿದ್ದು ಅದೇ ನಿಧಾನದ ದನಿಯಲ್ಲಿ. ಅಮ್ಮ ನಂಬದವಳಂತೆ ನನ್ನ ಮುಖವನ್ನೇ ನೋಡಿದಳು. ಎದ್ದು ಹೋಗಿ ಪಾತ್ರೆ ತೊಳೆದಳು. ತೊಳೆದಿಟ್ಟಿದ್ದನ್ನೇ ಮತ್ತೆ ತೊಳೆದಳು. ಒಂದು ಸದ್ದಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆಪರೇಷನ್. ಮಾರ್ಚ್ 14.

ಮಾರ್ಚ್ 1

ಮಗಳಿಗೆ ಹೇಳಲೇಬೇಕಿತ್ತು. ನಾನು ಆಸ್ಪತ್ರೆಯಲ್ಲಿ ಇರುತ್ತೇನೆ, ಬಂದ ಮೇಲೂ ನಿನ್ನನ್ನು ಎತ್ತುವ ಹಾಗಿಲ್ಲ, ಅಜ್ಜಿ ಕೈ ವ್ಯಾಯಾಮ ಮಾಡಿಸುತ್ತಾಳೆ ಎಂದು. ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಯಾಕೆ ಎತ್ತೋ ಹಾಗಿಲ್ಲ?"

"ಡಾಕ್ಟರು ಹೊಟ್ಟೆ ಕೊಯ್ದು ಪಾಪೂನ ತೆಗೀತಾರೆ. ಅದಕ್ಕೆ."

"ಯಾಕೆ ಕೊಯ್ತಾರೆ?"

"ಪಾಪುಗೆ ನೋವಾಗ್ಬಾರ್ದು ಅಂತ."

"ನನ್ನನ್ನೂ ಹಾಗೇ ತೆಗೆದ್ರಾ?"

ಇಲ್ಲ ಎಂದೆ. ಗಲ್ಲದಡಿ ಬಟ್ಟೆ ಒತ್ತಿಕೊಂಡೇ ನನ್ನನ್ನು ನೋಡಿದಳು. "ಯಾಕೆ ತೆಗೀಲಿಲ್ಲ?"

ದೊಡ್ಡವಳಾದ ಮೇಲೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅಷ್ಟು ಪುರುಸೊತ್ತು ಅವಳಿಗೆಲ್ಲಿ?

"ಆವಾಗ ಯಾರಿಗೂ ಗೊತ್ತಿರ್ಲಿಲ್ಲ ಮಗಾ." ದನಿ ಒಂದಿಷ್ಟೂ ನಡುಗಲಿಲ್ಲ. ಅಮ್ಮ ಅಲ್ಲೇ ಬಾಚಣಿಗೆ ಹಿಡಿದು ನಿಂತಿದ್ದಳು, ತಲೆ ತಗ್ಗಿಸಿದಳು.

ಚಿನಕುರಳಿ ಸ್ವಲ್ಪ ಯೋಚಿಸಿದಳು. ಮುಖ ಅರಳಿತು.

"ಇವಾಗ ಗೊತ್ತಾಯ್ತಲ್ಲ. ನನ್ನನ್ನೂ ಮತ್ತೆ ಒಳಗೆ ಹಾಕಿ, ಹೊಟ್ಟೆ ಕಡೆಯಿಂದ ತೆಗೀರಿ."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 5

ಇಂದಿನಿಂದ ರಜೆ. ನಿನ್ನೆ ಕೊನೆಯ ಶಿಫ್ಟ್. ಒಂದು ಹುಚ್ಚು ಕೆಲಸ ಮಾಡಿದೆ. ಕ್ಯಾಬಿನ್ನಿನ ಬಾಗಿಲು ಹಾಕಿ, ಮೈಕ್ ಆಫ್ ಆಗಿದೆಯೇ ಎಂದು ಮತ್ತೆ ಮತ್ತೆ ನೋಡಿ, ಗೂಡ್ಸ್ ರೈಲು ಹೋಗುವಾಗ ಕಿರಿಚಿ ನೋಡೋಣ ಎಂದುಕೊಂಡೆ. ಬೇಕಾದೀತು. ಅಭ್ಯಾಸವಾದರೂ ಇರಲಿ. ಎಷ್ಟು ಗಟ್ಟಿಯಾಗಿ ಕಿರಿಚಿದರೂ ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಬಾಯಿ ಅಗಲಿಸಿದೆ. ಆಕಳಿಕೆ ಬಂತು.

ಮತ್ತೊಮ್ಮೆ ಪ್ರಯತ್ನಿಸಿದೆ. ಬಂದದ್ದು ಕೆಮ್ಮು. ಪ್ಲಾಟ್‌ಫಾರ್ಮ್ ಗುಡಿಸುವಾಕೆ ಗಾಜಿನಾಚೆಯಿಂದ ನೀರು ಬೇಕಾ ಎಂದು ಸನ್ನೆ ಮಾಡಿದಳು. ಬೇಡವೆಂದೆ. ನಗು ಬಂತು, ಆಮೇಲೆ ನಗು ಬರಲಿಲ್ಲ. ಗೂಡ್ಸ್ ಹೋಗಿಬಿಟ್ಟಿತ್ತು.

ಮಾರ್ಚ್ 10, ಮಧ್ಯಾಹ್ನ, ಆಸ್ಪತ್ರೆ

ಕಾಯಲಿಲ್ಲ ಇದು. ಬೆಳಿಗ್ಗೆ ಮಗಳ ಕೈ ಎತ್ತುವಾಗ ನೀರು ಒಡೆಯಿತು. ಇವರು ಅವಳನ್ನು ಶಾಲೆಯಿಂದ ಕರೆತರಲು ಹೋಗಿದ್ದಾರೆ. ಅಮ್ಮ ಬಾಗಿಲಾಚೆ ಬೆಂಚಿನ ಮೇಲೆ.

ಡಾಕ್ಟರಮ್ಮ ಊರಲ್ಲಿಲ್ಲ. ಡ್ಯೂಟಿಯಲ್ಲಿರುವವರು ಚಿಕ್ಕ ವಯಸ್ಸಿನ ಡಾಕ್ಟರ್. ಆಪರೇಷನ್ ಎಂದು ತೀರ್ಮಾನವಾಗಿದೆ ಎಂದೆ. ಯಾಕೆಂದೂ ಹೇಳಿದೆ—ಭುಜ, ನರ, ಮಗಳ ಕೈ, ಎಲ್ಲ ಕ್ರಮವಾಗಿ. "ಗೊತ್ತು. ಥಿಯೇಟರಲ್ಲಿ ಇನ್ನೊಂದು ಕೇಸ್ ನಡೀತಿದೆ. ನೀವು ಆರಾಮಾಗಿದೀರಲ್ಲ, ಸ್ವಲ್ಪ ನೋಡೋಣ. ಚೆನ್ನಾಗಿ ಮುಂದುವರೀತಿದೆ, ಅಷ್ಟರಲ್ಲಿ ತಾನಾಗೇ ಆದ್ರೂ ಆಗಬಹುದು."

ತಾನಾಗೇ.

ಇನ್ನೊಂದು ನೋವು ಬಂತು. ಹೋಯಿತು. ಬೆನ್ನು ಮುರಿದು ಎರಡಾದ ಹಾಗೆ. ಅಕ್ಷರ ಸೊಟ್ಟಗಾಗುತ್ತಿದೆ.

ಸಿಸ್ಟರ್ ಬಂದು ಕೇಳಿದರು. ನೋವು ಹತ್ತಕ್ಕೆ ಎಷ್ಟು? ಹತ್ತು ಎಂದೆ. ನಕ್ಕರು. "ಹತ್ತು ಇದ್ದವರು ಹೀಗೆ ಕೂತು ಬರೀತಿರಲ್ಲಮ್ಮ." ನನ್ನ ಕೆನ್ನೆ ತಟ್ಟಿ ಹೋದರು. ಒಳ್ಳೆಯ ಹೆಂಗಸು. ಆ ಸಲದವರೂ ಒಳ್ಳೆಯವರೇ.

ಇದೂ ಅದೇ ಆಗುತ್ತಿದೆ. ಅದೇ ಬಾಗಿಲು, ಅದೇ ಬೆಂಚು, ಅದೇ ನಾನು. ಪುಟ್ಟ ಭುಜ ಕೆಳಗಿಳಿಯುತ್ತಿದೆ, ನನಗೆ ಗೊತ್ತಾಗುತ್ತಿದೆ. ಕಿರಿಚಬೇಕು. ಬಾಯಿ ತೆರೆದರೆ "ಸಿಸ್ಟರ್, ದಯವಿಟ್ಟು" ಎಂದು ಬರುತ್ತದೆ.

ಹೊರಗೆ ಯಾರೋ ಕೂಗುತ್ತಿದ್ದಾರೆ. ಹೆಂಗಸು. ಒಡೆದ, ಅಭ್ಯಾಸವಿಲ್ಲದ ದನಿ. ಗುರುತೇ ಸಿಗಲಿಲ್ಲ...

ಅಮ್ಮ.

"ಅವಳ ದನಿ ನಂಬಬೇಡಿ ಡಾಕ್ಟರೇ. ಹಾಗೆ ಮಾತಾಡೋದನ್ನ ಕಲಿಸಿದ್ದೇ ನಾನು. ಅವಳು ಸಾಯ್ತಿದ್ರೂ ಹಾಗೇ ಮಾತಾಡ್ತಾಳೆ. ನಂಬಬೇಡಿ."

ಹುಟ್ಟಿದಂದಿನಿಂದ ಅಮ್ಮ ಕೂಗಿದ್ದು ಕೇಳಿರಲಿಲ್ಲ. ಬೆಂಚು ಸರಿದ ಸದ್ದು. ಯಾರೋ ಓಡುತ್ತಿದ್ದಾರೆ—ಈ ಕಡೆಗೋ, ಆ ಕಡೆಗೋ. ಅಮ್ಮ ಇನ್ನೂ ಕೂಗುತ್ತಲೇ ಇದ್ದಾಳೆ. ಸಿಸ್ಟರ್ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಾರೆ, ನನ್ನ ಕೈಯಲ್ಲಿರುವ ಪೆನ್ನನ್ನು.

ಮತ್ತೆ ಬರುತ್ತಿದೆ. ದೊಡ್ಡದು. ಈ ಸಲ ಈ ಪೆನ್ನನ್ನು ಕೆಳಗೆಸೆದು