ಜೂನ್ ಒಂದರಂದು ಹುಟ್ಟಿದ ಪರಶು

ಮಾನ್ಯ ಸರಕಾರಿ ಅಭಿಯೋಜಕರೇ,

ನನ್ನ ಗೆಳೆಯ ಪರಶು ನನಗಿಂತ ಎರಡು ತಿಂಗಳು ಚಿಕ್ಕವನು. ಆದರೂ ಇಬ್ಬರೂ ಸೇರಿ ಮಾಡಿದ ಒಂದೇ ಕಿಡಿಗೇಡಿತನಕ್ಕೆ ನಾನು ಬಾಲಕನಾಗಿ ಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೇನೆ, ಅವನು ವಯಸ್ಕನಾಗಿ ಸಿಂದಗಿ ನ್ಯಾಯಾಲಯದ ವರಾಂಡದಲ್ಲಿ ತಾರೀಖಿನಿಂದ ತಾರೀಖಿಗೆ ನಿಲ್ಲುತ್ತಿದ್ದಾನೆ. ಈ ಪವಾಡದಲ್ಲಿ ತಮ್ಮ ಕೈವಾಡವೂ ಇರುವುದರಿಂದ ಈ ಪತ್ರ ತಮಗೆ.

ಮೊದಲು ಅಪರಾಧವನ್ನು ಅದರ ಘನತೆಗೆ ತಕ್ಕಂತೆ ನಿವೇದಿಸುತ್ತೇನೆ. ಕಳೆದ ಜೂನ್ ತಿಂಗಳ ಒಂದು ಮಧ್ಯಾಹ್ನ, ಚಾಲಕರು ಊಟಕ್ಕೆ ಕುಳಿತಿದ್ದಾಗ, ಸಿಂದಗಿ ಬಸ್ ನಿಲ್ದಾಣದಲ್ಲಿ ಇಂಡಿ ಊರಿನ ಬೋರ್ಡು ಮುದ್ದೇಬಿಹಾಳದ ಬಸ್ಸಿಗೆ, ಮುದ್ದೇಬಿಹಾಳದ್ದು ಬಸವನ ಬಾಗೇವಾಡಿಯ ಬಸ್ಸಿಗೆ, ಬಾಗೇವಾಡಿಯದು ಇಂಡಿಯ ಬಸ್ಸಿಗೆ ವರ್ಗಾವಣೆಯಾದವು. ಯಾರ ಶಿಫಾರಸೂ ಇಲ್ಲದೆ ನಡೆದ ವರ್ಗಾವಣೆ ಎಂಬ ಹೆಗ್ಗಳಿಕೆಯಾದರೂ ಅದಕ್ಕೆ ಸಲ್ಲಬೇಕಿತ್ತು. ಯೋಜನೆ ನನ್ನದು. ಪರಶು ಬೋರ್ಡು ಹೊತ್ತನಷ್ಟೇ.

ಆದರೆ ಮಗಳ ಬಾಣಂತನಕ್ಕೆಂದು ಇಂಡಿಗೆ ಹೊರಟಿದ್ದ ಹನಮವ್ವ ಎಂಬ ಮುದುಕಿ ಮುದ್ದೇಬಿಹಾಳದ ಬಸ್ಸು ಹತ್ತಿದಳು, ಬಸ್ಸು ಹೊರಟೇಬಿಟ್ಟಿತು. ಸೈನ್ಯದ ಭರ್ತಿಗಾಗಿ ದಿನಾ ಬೆಳಿಗ್ಗೆ ಮೋರಟಗಿ ರಸ್ತೆಯಲ್ಲಿ ಓಡಿ ಪಳಗಿದ್ದ ಪರಶುವಿಗೆ ತಡೆಯಲಾಗಲಿಲ್ಲ. ಬಸ್ಸಿನ ಬೆನ್ನು ಹತ್ತಿ, ತಗಡು ಬಡಿದು ನಿಲ್ಲಿಸಿದ.

"ಆಯಿ, ಇಳೀರಿ. ಇದು ಇಂಡಿ ಗಾಡಿ ಅಲ್ರಿ."

"ಬೋರ್ಡ ಇಂಡಿ ಐತಂತ ಕೇಳೇ ಹತ್ತೇನಿ. ನೀ ಯಾರಪಾ, ಡ್ರೈವರಗಿಂತ ಶಾಣ್ಯಾ?"

"ಬೋರ್ಡ ನಾವ ಬದಲಿ ಮಾಡೇವ್ರಿ."

ಕಂಡಕ್ಟರು ಅಲ್ಲೇ ಅವನ ಕೊರಳಪಟ್ಟಿ ಹಿಡಿದ. ಹಿಂದೆಯೇ ಓಡಿಬಂದು ನಿಂತಿದ್ದ ನನ್ನನ್ನು ನನ್ನ ನಗುವೇ ಹಿಡಿದುಕೊಟ್ಟಿತು. ಹನಮವ್ವನನ್ನು ನೋಡಿ ಪರಶು ಸುಮ್ಮನಿದ್ದಿದ್ದರೆ ನಾವಿಬ್ಬರೂ ಇಂದು ಗೌರವಾನ್ವಿತ ನಾಗರಿಕರಾಗಿರುತ್ತಿದ್ದೆವು.

ಠಾಣೆಯಲ್ಲಿ ನನಗೆ ಹದಿನೇಳು, ಪರಶುವಿಗೆ ಹದಿನೆಂಟು ಎಂದಾಯಿತು. ನನ್ನ ಜೊತೆ ಬಂದ ಪೊಲೀಸರು ಖಾಕಿ ತೊಟ್ಟಿರಲಿಲ್ಲ. ಬಾಲನ್ಯಾಯ ಮಂಡಳಿಯಲ್ಲಿ ಕುರ್ಚಿ ಕೊಟ್ಟರು, "ಯಾಕೋ ತಮ್ಮಾ, ಹಿಂಗ್ಯಾಕ ಮಾಡಿದಿ?" ಎಂದು ಕೇಳಿದರು, ಕೆಲವು ಭಾನುವಾರ ಅದೇ ನಿಲ್ದಾಣವನ್ನು ಗುಡಿಸಲು ಹೇಳಿದರು. ಗುಡಿಸುವಾಗ, "ತಮ್ಮಾ, ಇದು ಯಾವೂರ ಬಸ್ಸೋ?" ಎಂದು ಕೇಳುವವರು ಎಷ್ಟು ಜನ ಇದ್ದಾರೆಂದು ತಿಳಿಯಿತು. ಆಮೇಲೆ ನನಗೆ ಬೋರ್ಡಿನ ಮೇಲೆ ಕೈಯಿಡುವ ಮನಸ್ಸಾಗಿಲ್ಲ. ಕಾನೂನಿನ ಈ ಮೆದುತನವನ್ನು ನಾನು ಗೇಲಿ ಮಾಡುತ್ತಿಲ್ಲ ಮಾನ್ಯರೇ, ಅದು ನನ್ನಂಥವನ ಮೇಲೂ ಕೆಲಸ ಮಾಡಿತು. ನನಗೆ ಸಿಕ್ಕಿದ್ದು ಪರಶುವಿಗೇಕೆ ಸಿಗಲಿಲ್ಲ ಎಂಬುದಷ್ಟೇ ನನ್ನ ತಕರಾರು. ಪತ್ರಿಕೆಯಲ್ಲಿ ನಾನು "ಓರ್ವ ಬಾಲಕ". ಅವನದು ಅಪ್ಪ ರಾವಸಾಬನ ಹೆಸರು ಸಮೇತ ಭಾವಚಿತ್ರ. ಮೈಮೇಲೆ ಕೇಸಿರುವವನನ್ನು ಸೈನ್ಯ ಸೇರಿಸಿಕೊಳ್ಳುತ್ತದೆಯೇ? ಅವನು ಇನ್ನೂ ಓಡುತ್ತಿದ್ದಾನೆ. ಯಾವ ಧೈರ್ಯದ ಮೇಲೋ ಕಾಣೆ.

ಅವನ ಅವ್ವ ಸಾವಂತ್ರವ್ವ ಹೇಳುವುದಿಷ್ಟು: "ಎಳ್ಳಮಾಸಿ ದಿನ ಹೊಲಕ್ಕ ಚರಗಾ ಚೆಲ್ಲಾಕ ಹೋದಾಗ ಬ್ಯಾನಿ ಸುರು ಆತು. ನೀ ಅದಕ್ಕ ಎರಡ ತಿಂಗಳ ಮೊದಲ ದೀಪಾವಳಿಗೇ ಹುಟ್ಟಿದ್ದಿ, ನಿನ್ನ ಹೆಸರಿಡೋ ಬಾರಸಕ್ಕ ಇವನ್ನ ಹೊಟ್ಟ್ಯಾಗಿಟ್ಕೊಂಡು ಬಂದಿದ್ನಿ." ಆದರೆ ಶಾಲೆಗೆ ಸೇರಿಸುವ ದಿನ ಗುರುಗಳು, "ಎಳ್ಳಮಾಸಿ ಅಂದ್ರ ತಾರೀಖ ಅಲ್ಲೋ ರಾವಸಾಬ, ಸಾಲಿಗೆ ಸೇರಾಕ ವಯಸ್ಸು ತುಂಬಬೇಕಲ್ಲ" ಎಂದು ಅವನನ್ನು ಆರೇಳು ತಿಂಗಳು ಮೊದಲೇ ಹುಟ್ಟಿಸಿ ಜೂನ್ ಒಂದು ಎಂದು ಬರೆದರು. ನಮ್ಮ ಸೀಮೆಯಲ್ಲಿ ಅರ್ಧ ಊರು ಹುಟ್ಟಿದ್ದು ಅಂದೇ. ಆ ದಿನ ಸೂಲಗಿತ್ತಿಯರು ಊಟವನ್ನಾದರೂ ಹೇಗೆ ಮಾಡಿದರೋ. ಪರಶುವಿನ ವಕೀಲರು ವಯಸ್ಸಿನ ವಿಚಾರಣೆ ಕೋರಿದಾಗ ತಾವು ಎದ್ದುನಿಂತು, "ಅಂಕಪಟ್ಟಿಯಲ್ಲಿ ಜೂನ್ ಒಂದು ಎಂದು ಸ್ಪಷ್ಟವಾಗಿದೆ" ಎಂದಿರಿ. ಸ್ಪಷ್ಟವಾಗಿದೆ, ನಿಜ. ಇಂಡಿ ಎಂಬ ಬೋರ್ಡೂ ಮುದ್ದೇಬಿಹಾಳದ ಬಸ್ಸಿನ ಮೇಲೆ ಅಷ್ಟೇ ಸ್ಪಷ್ಟವಾಗಿತ್ತು.

ಆ ಗುರುಗಳು ಯಾರೆಂದು ಹೇಳಲೇಬೇಕು: ನನ್ನ ತಂದೆ.

"ನಂದೊಂದ ಖರೇ ತಾರೀಖು ಯಾಕ ಬರದ್ರಿ?" ಎಂದು ಮೊನ್ನೆ ಕೇಳಿದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ನಿಂದಕ್ಕ ಪಂಚಾಂಗ ನೋಡಿದ್ದೆ. ಅವಂದಕ್ಕ ಬರೇ ಹಾಜರಿ ಪಟ್ಟಿ ತುಂಬೋದ ನೋಡಿದೆ," ಎಂದರು. ಆಮೇಲೆ, "ಕೋರ್ಟಿಗೆ ಬಂದು ಹೇಳ್ತೀನಿ ಬಿಡು."

ಆದ್ದರಿಂದ ನನ್ನ ಆಗ್ರಹ: ಮುಂದಿನ ತಾರೀಖಿಗೆ ವಯಸ್ಸಿನ ವಿಚಾರಣೆಗೆ ತಕರಾರು ತೆಗೆಯಬೇಡಿ. ಸಾವಂತ್ರವ್ವನನ್ನೂ ನನ್ನ ತಂದೆಯನ್ನೂ ಸಾಕ್ಷಿಕಟ್ಟೆಗೆ ಕರೆಯಲು ಬಿಡಿ. ಪರಶುವಿಗೂ ಒಂದು ಕುರ್ಚಿ, ಒಂದು ಕಸಬರಿಗೆ ಕೊಡಿಸಿ. ನಿಲ್ದಾಣದಲ್ಲಿ ಇನ್ನೂ ಕಸವಿದೆ, ನಾನೇ ಬಿಟ್ಟುಬಂದಿದ್ದೇನೆ.

ತಾವೂ ಬರುವ ಮೇ ಮೂವತ್ತೊಂದಕ್ಕೆ ನಿವೃತ್ತರಾಗುವಿರೆಂದು ಕೇಳಿದೆ. ಒಂದನೇ ತಾರೀಖಿಗೆ ಹುಟ್ಟಿದ ನೌಕರರು ಹಿಂದಿನ ದಿನವೇ ನಿವೃತ್ತರಾಗುತ್ತಾರಂತೆ; ಹಾಗಾದರೆ ತಮ್ಮ ಜನ್ಮದಿನವೂ ಜೂನ್ ಒಂದೇ ಇರಬೇಕು. ಯಾವ ಹಬ್ಬಕ್ಕೆ ಹುಟ್ಟಿದಿರೆಂದು ತಮ್ಮ ತಾಯಿಯವರು ಹೇಳುತ್ತಿದ್ದರು, ಮಾನ್ಯರೇ?

ಇಂತಿ,
ಊರಿಗೆಲ್ಲ ಗೊತ್ತಿದ್ದರೂ ಕಾನೂನಿನ ಕೃಪೆಯಿಂದ ಹೆಸರಿಲ್ಲದ,
ಪರಶುವಿಗಿಂತ ದೊಡ್ಡವನಾದ
ಓರ್ವ ಬಾಲಕ